ಅಕ್ಷರವಿಲ್ಲವೆಂದರೆ ಸ್ವರವೂ ಇಲ್ಲವೇ?

ಕೊಡವ ತಕ್ಕಿನ ಸ್ವರಗಳ ಬಗ್ಗೆ ಓದುಬರಹ ಬಲ್ಲವರ ನಡುವೆ ಬಹುಕಾಲದಿಂದ ನೆಲೆನಿಂತಿರುವ ಒಂದು ಅಭಿಪ್ರಾಯವು ಶಾಸ್ತ್ರದ ದೃಷ್ಟಿಯಿಂದ ತಪ್ಪು, ವ್ಯವಹಾರದ ದೃಷ್ಟಿಯಿಂದ ಅನ್ಯಾಯ. ಆ ಭಾಷೆಯಲ್ಲಿ ಕನ್ನಡದ ಕಿವಿಗೆ ಅಪರಿಚಿತವಾದ ಕೆಲವು ಸ್ವರಗಳು ಕೇಳಿಬರುತ್ತವಾದರೂ ಅವು ಇಕಾರ, ಎಕಾರ, ಉಕಾರಗಳನ್ನೇ ಸ್ವಲ್ಪ ಬೇರೆಯಾಗಿ ಉಚ್ಚರಿಸುವ ರೂಢಿಯೇ ಹೊರತು ಸ್ವತಂತ್ರ ಸ್ವರಗಳಲ್ಲ, ಆದ್ದರಿಂದ ಇರುವ ಕನ್ನಡ ವರ್ಣಮಾಲೆಯೇ ಅದಕ್ಕೆ ಸಾಕು, ಭಾಷೆ ಬಲ್ಲವರು ಹೇಗೂ ಸರಿಯಾಗಿಯೇ ಓದಿಕೊಳ್ಳುತ್ತಾರೆ ಎಂಬುದು ಆ ಅಭಿಪ್ರಾಯದ ಸಾರ. ಇದನ್ನು ಬಾಯಿಬಿಟ್ಟು ವಾದಿಸುವವರು ಕಡಿಮೆಯಿರಬಹುದು. ಆದರೆ ಅಚ್ಚಾಗುವ ಪ್ರತಿ ಪುಸ್ತಕವೂ ಬರೆಯಲಾಗುವ ಪ್ರತಿ ಫಲಕವೂ ಇದನ್ನು ಒಪ್ಪಿಕೊಂಡೇ ಹೊರಬರುತ್ತಿವೆ, ಮತ್ತು ವಾದವೇ ನಡೆಯದೆ ಗೆದ್ದುಕೊಂಡ ಅಭಿಪ್ರಾಯವನ್ನು ಅಲುಗಿಸುವುದು ಎಲ್ಲಕ್ಕಿಂತ ಕಷ್ಟ.

ಯಾವ ಸ್ವರಗಳ ಮಾತಿದು ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಕನ್ನಡದಲ್ಲಿ ಅ, ಇ, ಉ, ಎ, ಒ ಎಂಬ ಐದು ಮೂಲಸ್ವರಗಳೂ ಅವುಗಳ ದೀರ್ಘರೂಪಗಳೂ ಸೇರಿ ಹತ್ತು ಸ್ವರಗಳಿವೆ. ಕೊಡವ ತಕ್ಕಿನಲ್ಲಿ ಈ ಹತ್ತರ ಜೊತೆಗೆ ಇನ್ನೆರಡು ಸ್ವರಗಳೂ ಅವುಗಳ ದೀರ್ಘಗಳೂ ಸೇರಿ ಒಟ್ಟು ಹದಿನಾಲ್ಕಾಗುತ್ತವೆ. ಇಕಾರವನ್ನು ಹೇಳುವಾಗ ನಾಲಗೆಯ ಮುಂಭಾಗ ಅಂಗುಳದತ್ತ ಏರುತ್ತದೆ. ಅಷ್ಟೇ ಎತ್ತರದಲ್ಲಿ ನಾಲಗೆಯನ್ನು ಹಿಂದಕ್ಕೆಳೆದು, ತುಟಿಗಳನ್ನು ದುಂಡಗಾಗಿಸದೆ ಬಾಯಿಯ ನಡುಭಾಗದಲ್ಲಿ ಉಚ್ಚರಿಸಿದರೆ ಹೊರಡುವುದು ಈ ಎರಡರಲ್ಲಿ ಒಂದು. ಎಕಾರದ ಎತ್ತರದಲ್ಲಿ ಹಾಗೆಯೇ ಹಿಂಜರಿದು ಹುಟ್ಟುವುದು ಇನ್ನೊಂದು. ಭಾಷಾಶಾಸ್ತ್ರಜ್ಞರು ಇವನ್ನು ನಡುಸ್ವರಗಳೆಂದು ಕರೆಯುತ್ತಾರೆ. ಕೊಡವರು ಎಂಟು ಎಂಬ ಸಂಖ್ಯೆಗೆ ಹೇಳುವ ಪದದ ಮೊದಲಲ್ಲಿ, ಏಳು ಎಂಬ ಸಂಖ್ಯೆಗೆ ಹೇಳುವ ಪದದ ಮೊದಲಲ್ಲಿ, ಕೇಳು ಎಂಬ ಕ್ರಿಯಾಪದದ ನಡುವಿನಲ್ಲಿ ಇರುವುದು ಈ ಹಿಂಜರಿದ ಎಕಾರವೇ ಹೊರತು ಕನ್ನಡದ ಎಕಾರವಲ್ಲ. ‘ತಕ್ಕ್’ ಎಂದು ಬರೆಯಲಾಗುವ, ಮಾತು ಎಂಬ ಅರ್ಥದ ಆ ಭಾಷೆಯ ಹೆಸರಿನ ಕೊನೆಯಲ್ಲಿರುವುದು ಹಿಂಜರಿದ ಇಕಾರ. ಈ ಲೇಖನ ಅಚ್ಚಾಗುತ್ತಿರುವ ಲಿಪಿಯಲ್ಲಿ ಆ ಪದಗಳನ್ನು ಅವು ಇರುವಂತೆಯೇ ತೋರಿಸುವ ದಾರಿಯಿಲ್ಲ. ಲೇಖನದ ತಕರಾರಿಗೆ ಅದೇ ಮೊದಲ ಸಾಕ್ಷ್ಯ.

ಒಂದು ಧ್ವನಿ ಸ್ವತಂತ್ರವೇ ಅಲ್ಲವೇ ಎಂಬುದನ್ನು ನಿರ್ಧರಿಸುವ ಕ್ರಮ ಶಾಸ್ತ್ರದಲ್ಲಿ ನೆಲೆಗೊಂಡು ಬಹಳ ಕಾಲವಾಯಿತು. ಅರ್ಥವನ್ನು ಬೇರ್ಪಡಿಸಬಲ್ಲ ಅತಿ ಕಿರಿಯ ಧ್ವನಿಘಟಕವನ್ನು ಧ್ವನಿಮಾ ಎನ್ನುತ್ತಾರೆ: ಕಾಲು, ಹಾಲು ಎಂಬ ಪದಗಳನ್ನು ಬೇರೆ ಮಾಡುವುದು ಮೊದಲ ವ್ಯಂಜನವೊಂದೇ ಆದ್ದರಿಂದ ಕಕಾರ ಹಕಾರಗಳು ಎರಡು ಧ್ವನಿಮಾಗಳು. ಅಕ್ಕಪಕ್ಕದ ಧ್ವನಿಗಳಿಂದಾಗಿ ತಾನಾಗಿಯೇ ಮೂಡುವ ಭೇದಕ್ಕೆ ಉಪಧ್ವನಿ ಎಂದು ಹೆಸರು: ‘ಅಂಕ’ದಲ್ಲಿರುವ ಅನುನಾಸಿಕ ಬೇರೆ, ‘ಅಂತ’ದಲ್ಲಿರುವುದು ಬೇರೆ, ಆದರೆ ಮುಂದಿನ ವ್ಯಂಜನವೇ ಅದನ್ನು ನಿರ್ಧರಿಸುವುದರಿಂದ ಯಾವ ಎರಡು ಕನ್ನಡ ಪದಗಳೂ ಆ ಭೇದವೊಂದರಿಂದಲೇ ಬೇರೆಯಾಗುವುದಿಲ್ಲ. ಈ ಪರೀಕ್ಷೆಯಲ್ಲಿ ಅಕ್ಷರಕ್ಕೆ ಯಾವ ಸ್ಥಾನವೂ ಇಲ್ಲ. ಕನ್ನಡದ ವರ್ಣಮಾಲೆಯಲ್ಲಿ ಙಕಾರ ಇದೆ, ಅದು ಬೇರ್ಪಡಿಸುವ ಪದಗಳಿಲ್ಲ. ಋಕಾರ ಇದೆ, ಬಹುಪಾಲು ಕನ್ನಡಿಗರು ಅದನ್ನು ‘ರು’ ಎಂದೇ ಓದುತ್ತಾರೆ. ವರ್ಣಮಾಲೆಯಲ್ಲಿರುವುದೆಲ್ಲ ಕನ್ನಡಿಗರ ನಾಲಗೆಯಲ್ಲಿಲ್ಲ ಎಂದು ಡಿ. ಎನ್. ಶಂಕರ ಭಟ್ಟರು ದಶಕಗಳ ಕಾಲ ಬರೆದರು, ಅವರು ಸೂಚಿಸಿದ ಬರಹ ಸುಧಾರಣೆಯನ್ನು ಒಪ್ಪದವರೂ ಆ ಮೂಲ ಅವಲೋಕನವನ್ನು ಅಲ್ಲಗಳೆಯಲು ಆಗಲಿಲ್ಲ. ಅಕ್ಷರ ಇದ್ದರೂ ಧ್ವನಿ ಇಲ್ಲದಿರಬಹುದು ಎಂಬುದನ್ನು ಕನ್ನಡದ ಮಟ್ಟಿಗೆ ಒಪ್ಪುವವರು, ಅಕ್ಷರ ಇಲ್ಲದಿದ್ದರೂ ಧ್ವನಿ ಇರಬಹುದು ಎಂಬುದನ್ನು ಕೊಡವದ ಮಟ್ಟಿಗೆ ಒಪ್ಪಲು ಹಿಂಜರಿಯುವುದೇಕೆ?

ಪಾರಸಿ ಭಾಷೆಯಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ಎದ್ದಿದೆ, ಅದನ್ನು ಗಮನಿಸಿದರೆ ಇಲ್ಲಿನ ತಪ್ಪು ಇನ್ನಷ್ಟು ನಿಚ್ಚಳವಾಗುತ್ತದೆ. ಗಂಟಲಿನ ಧ್ವನಿತಂತುಗಳು ಒಂದು ಕ್ಷಣ ಪೂರ್ತಿ ಮುಚ್ಚಿಕೊಂಡು ಉಸಿರನ್ನು ತಡೆದು ಬಿಡುವಾಗ ಉಂಟಾಗುವ ಧ್ವನಿಯನ್ನು ಗಂಟಲ ಸ್ಪರ್ಶ ಎನ್ನಬಹುದು. ಅರಬ್ಬಿ ಲಿಪಿಯ ಜೊತೆಗೆ ಪಾರಸಿಗೆ ಬಂದ ಐನ್, ಹಮ್ಜಾ ಎಂಬ ಎರಡು ಅಕ್ಷರಗಳನ್ನೂ ಪಾರಸಿಯವರು ಉಚ್ಚರಿಸುವುದಾದರೆ ಈ ಒಂದೇ ಧ್ವನಿಯಾಗಿ ಉಚ್ಚರಿಸುತ್ತಾರೆ. ಪದದ ಮೊದಲಲ್ಲಿ ಸ್ವರ ಬಂದಾಗಲೆಲ್ಲ ಅದರ ಹಿಂದೆ ಈ ಸ್ಪರ್ಶ ತಾನಾಗಿ ಸೇರಿಕೊಳ್ಳುತ್ತದೆ. ನೀರು ಎಂಬ ಅರ್ಥದ ‘ಆಬ್’ ಎಂಬ ಅಚ್ಚ ಪಾರಸಿ ಪದಕ್ಕೂ ಅದು ತಪ್ಪಿದ್ದಲ್ಲ. ಅಲ್ಲಿ ಅದರಿಂದ ಯಾವ ಅರ್ಥವೂ ಬೇರೆಯಾಗುವುದಿಲ್ಲ. ಪದದ ನಡುವೆ ಮತ್ತು ಕೊನೆಯಲ್ಲಿ, ಅರಬ್ಬಿಯಿಂದ ಬಂದ ಪದಗಳಲ್ಲಿ, ಸ್ಥಿತಿ ಬೇರೆ: ಕೆಟ್ಟದ್ದು ಎಂಬ ಅರ್ಥದ ‘ಬದ್’ ಎಂಬುದಕ್ಕೂ, ನಡುವೆ ಐನ್ ಇರುವ, ಅನಂತರ ಎಂಬ ಅರ್ಥದ ಪದಕ್ಕೂ ಎಚ್ಚರದ ಓದಿನಲ್ಲಿ ಇರುವ ಅಂತರ ಈ ಗಂಟಲ ಸ್ಪರ್ಶವೊಂದೇ; ಆಡುಮಾತಿನಲ್ಲಿ ಅದೂ ಅಳಿದು, ಅದರ ಬದಲು ಹಿಂದಿನ ಸ್ವರ ಎಳೆದುಕೊಳ್ಳುತ್ತದೆ. ಆದ್ದರಿಂದ ಪಾರಸಿಯಲ್ಲಿ ಗಂಟಲ ಸ್ಪರ್ಶ ಧ್ವನಿಮಾವೇ ಎಂಬ ಪ್ರಶ್ನೆಗೆ ಪದಾದಿಗೆ ಒಂದು ಉತ್ತರ, ಪದಮಧ್ಯ ಪದಾಂತ್ಯಗಳಿಗೆ ಇನ್ನೊಂದು ಉತ್ತರ, ಎಚ್ಚರದ ಓದಿಗೂ ಮನೆಮಾತಿಗೂ ಬೇರೆಬೇರೆ ಉತ್ತರ. ಈ ಚರ್ಚೆಯನ್ನು ಅಕ್ಷರ ಇದೆಯಲ್ಲ ಎಂಬ ಒಂದೇ ಮಾತಿನಿಂದ ಮುಗಿಸುವ ಹಕ್ಕು ಯಾರಿಗೂ ಇಲ್ಲ; ಮಾತನಾಡುವವರ ಬಾಯಿಂದ ಸಂಗ್ರಹಿಸಿದ ಸಾಕ್ಷ್ಯವೊಂದೇ ಅಲ್ಲಿ ತೂಗುವಂಥದು.

ಐನ್ ಎಂಬ ಇದೇ ಅಕ್ಷರ ಕರ್ನಾಟಕದ ಕಚೇರಿಗಳ ಮಾತಿನೊಳಗೂ ಬಂದು ಮಾಯವಾಗಿದೆ. ಅರ್ಜಿ, ಜಮಾ, ವಾಯಿದೆ, ಇನಾಂ, ತಾಲ್ಲೂಕು ಎಂಬ ಪದಗಳೆಲ್ಲದರಲ್ಲೂ ಮೂಲದಲ್ಲಿ ಐನ್ ಇತ್ತು; ಕನ್ನಡದಲ್ಲಿ ಆ ಅಕ್ಷರವೂ ಉಳಿಯಲಿಲ್ಲ, ಆ ಧ್ವನಿಯೂ ಉಳಿಯಲಿಲ್ಲ, ಜಮಾದ ಕೊನೆಯ ಆಕಾರದಲ್ಲಿಯೂ ತಾಲ್ಲೂಕಿನ ಮೊದಲ ಆಕಾರದಲ್ಲಿಯೂ ಅದರ ನೆರಳು ಮಾತ್ರ ಇದೆ. ಇದರಿಂದ ಕನ್ನಡಕ್ಕೆ ನಷ್ಟವಾಯಿತೇ? ಆಗಲಿಲ್ಲ, ಏಕೆಂದರೆ ಕನ್ನಡದಲ್ಲಿ ಆ ಧ್ವನಿಯ ಮೇಲೆ ನಿಂತ ಯಾವ ಅರ್ಥಭೇದವೂ ಇರಲಿಲ್ಲ. ಭಾಷೆ ತನಗೆ ಬೇಡದ್ದನ್ನು ಬಿಡುವುದು ಸಹಜ. ಕೊಡವದ ಹೊಟ್ಟೆಯಲ್ಲೇ ಹುಟ್ಟಿ, ಅದರ ನೂರಾರು ಪದಗಳಲ್ಲಿ ಇಂದಿಗೂ ನುಡಿಯುತ್ತಿರುವ ಸ್ವರವನ್ನು ಇನ್ನೊಂದು ಭಾಷೆಯ ಲಿಪಿಗೆ ಬೇಡವೆಂಬ ಕಾರಣಕ್ಕೆ ಬಿಡಿಸುವುದು ಸಹಜವೂ ಅಲ್ಲ, ನ್ಯಾಯವೂ ಅಲ್ಲ.

ಈಗ ಎದುರಾಳಿಗಳ ಅತಿ ಬಲವಾದ ವಾದವನ್ನೇ ಎತ್ತಿಕೊಳ್ಳಬಹುದು. ಮೂಲ ದ್ರಾವಿಡದ ಇಕಾರ ಎಕಾರಗಳು ಟ, ಡ, ಣ, ಳ ಮೊದಲಾದ ಮೂರ್ಧನ್ಯಗಳು, ಎಂದರೆ ನಾಲಗೆಯ ತುದಿಯನ್ನು ಮೇಲಕ್ಕೆ ಮಡಿಸಿ ಉಚ್ಚರಿಸುವ ವ್ಯಂಜನಗಳು, ತಮ್ಮನ್ನು ಹಿಂಬಾಲಿಸಿದಾಗ ಕೊಡವದಲ್ಲಿ ಹಿಂಜರಿದವು. ಹಾಗಿದ್ದಮೇಲೆ ಈ ಸ್ವರಗಳು ಪರಿಸರದಿಂದ ಹುಟ್ಟಿದ ಉಪಧ್ವನಿಗಳು, ‘ಎಟ್ಟ್’ ಎಂದು ಬರೆದರೆ ಟಕಾರವನ್ನು ನೋಡಿದ ಓದುಗ ಎಕಾರವನ್ನು ತಾನೇ ಹಿಂದಕ್ಕೆಳೆದು ಓದುತ್ತಾನೆ ಎಂಬುದು ಆ ವಾದ. ಹುಟ್ಟಿನ ವಿವರಣೆ ಸರಿಯಾಗಿದೆ, ಅದರಿಂದ ತೆಗೆದ ತೀರ್ಮಾನ ಸರಿಯಿಲ್ಲ. ಒಂದು ಸ್ವರ ಹೇಗೆ ಹುಟ್ಟಿತು ಎಂಬುದು ಚರಿತ್ರೆಯ ಪ್ರಶ್ನೆ, ಇಂದು ಅದು ಏನು ಕೆಲಸ ಮಾಡುತ್ತಿದೆ ಎಂಬುದು ವ್ಯಾಕರಣದ ಪ್ರಶ್ನೆ. ಇದೇ ಬದಲಾವಣೆಯ ಇನ್ನೊಂದು ಮುಖವನ್ನು ನೋಡಿದರೆ ವಾದದ ಟೊಳ್ಳು ಬಯಲಾಗುತ್ತದೆ. ಅದೇ ಇಕಾರ ಎಕಾರಗಳ ಹಿಂದೆ ಪಕಾರ ವಕಾರಗಳಂಥ ತುಟಿಯ ವ್ಯಂಜನವಿದ್ದಾಗ ಅವು ಹಿಂಜರಿದುದಷ್ಟೇ ಅಲ್ಲದೆ ದುಂಡಗಾಗಿ ಉಕಾರ ಒಕಾರಗಳೇ ಆದವು: ಕನ್ನಡದ ಹೆಣ್ಣಿಗೆ ಕೊಡವದಲ್ಲಿ ‘ಪೊಣ್ಣ್’, ಬಿಡುವುದಕ್ಕೆ ‘ಬುಡ್’, ಬೀಳುವುದಕ್ಕೆ ‘ಬೂಳ್’. ಇಲ್ಲಿ ಒಕಾರ ಉಕಾರಗಳನ್ನು ಬರೆಯಲು ಯಾರೂ ಎರಡು ಬಾರಿ ಯೋಚಿಸುವುದಿಲ್ಲ. ಪರಿಸರದಿಂದ ಹುಟ್ಟಿದ್ದೆಲ್ಲ ಬರೆಯಲು ತಕ್ಕುದಲ್ಲ ಎಂಬ ನಿಯಮ ನಿಜವಾದರೆ ‘ಪೆಣ್ಣ್’ ಎಂದೇ ಬರೆದು ಓದುಗನೇ ಒಕಾರ ಮಾಡಿಕೊಳ್ಳಲಿ ಎನ್ನಬೇಕಾಗಿತ್ತು. ಹಾಗೆ ಯಾರೂ ಎನ್ನುವುದಿಲ್ಲ. ಒಂದೇ ಧ್ವನಿ ಬದಲಾವಣೆಯ ಎರಡು ಫಲಗಳಲ್ಲಿ ಕನ್ನಡ ವರ್ಣಮಾಲೆಯಲ್ಲಿ ಅಕ್ಷರ ಸಿಕ್ಕ ಫಲ ಸ್ವರವಾಯಿತು, ಅಕ್ಷರ ಸಿಗದ ಫಲ ಉಚ್ಚಾರದ ರೂಢಿಯಾಯಿತು. ಶಾಸ್ತ್ರದ ಹೆಸರಿನಲ್ಲಿ ನಡೆದಿರುವುದು ಅಚ್ಚುಮೊಳೆಗಳ ಲೆಕ್ಕ.

ಪದದ ಕೊನೆಯಲ್ಲಿ ಈ ವಾದಕ್ಕೆ ನಿಲ್ಲುವ ನೆಲವೇ ಇಲ್ಲ. ಕೋಳಿಗೆ ಕೊಡವದಲ್ಲೂ ‘ಕೋಳಿ’ ಎಂದೇ ಹೆಸರು, ಅದರ ಕೊನೆಯಲ್ಲಿರುವುದು ಸ್ಪಷ್ಟವಾದ ಇಕಾರ. ‘ಆಳ್’ ಎಂದು ಬರೆಯುವ, ಆಳು ಎಂಬ ಅರ್ಥದ ಪದದ ಕೊನೆಯಲ್ಲಿರುವುದು ಹಿಂಜರಿದ ಇಕಾರ. ಎರಡರಲ್ಲೂ ಸ್ವರದ ಹಿಂದಿರುವುದು ಅದೇ ಳಕಾರ, ಮುಂದಿರುವುದು ಅದೇ ಮೌನ. ಇಲ್ಲಿ ಯಾವ ಪರಿಸರ ಸ್ವರವನ್ನು ನಿರ್ಧರಿಸಿತು? ಈ ಪ್ರಶ್ನೆಗೆ ಉತ್ತರವಿಲ್ಲದವರು ಉಪಧ್ವನಿಯ ಹೆಸರನ್ನು ಎತ್ತಬಾರದು. ಪದಾಂತ್ಯದ ಈ ಸ್ವರವನ್ನು ಬರೆಯುವಾಗ ಇಂದು ನಡೆಯುತ್ತಿರುವ ಕ್ರಮ ಇನ್ನೂ ಶೋಚನೀಯವಾದುದು. ವ್ಯಂಜನದಲ್ಲಿ ಸ್ವರವಿಲ್ಲ ಎಂದು ಸಾರುವುದಕ್ಕಾಗಿಯೇ ಇರುವ ಅರ್ಧಾಕ್ಷರದ ಚಿಹ್ನೆಯನ್ನು ಸ್ವರವಿರುವ ಜಾಗದಲ್ಲಿ ಹಾಕಿ, ಓದುಗ ಅದನ್ನು ಮೀರಿ ಓದಲಿ ಎಂದು ನಿರೀಕ್ಷಿಸಲಾಗುತ್ತಿದೆ. ಹತ್ತಿರದ ಭಾಷೆಗಳು ಇಷ್ಟು ಉದಾಸೀನ ತೋರಲಿಲ್ಲ. ತಮಿಳಿನ ತೊಲ್ಕಾಪ್ಪಿಯಂ ಪದಾಂತ್ಯದ ಮೊಟಕು ಉಕಾರವನ್ನು ಕುಟ್ರಿಯಲುಗರಂ ಎಂದು ಹೆಸರಿಸಿ ಅವಲಂಬಿತ ವರ್ಣಗಳ ಸಾಲಿನಲ್ಲಿ ಇರಿಸಿತು. ಮಲಯಾಳದ ವೈಯಾಕರಣರು ಅಂಥದೇ ಸ್ವರವನ್ನು ಸಂವೃತೋಕಾರವೆಂದು ಕರೆದು ಚರ್ಚಿಸಿದರು. ಹೆಸರಿಟ್ಟರೆ ಕಾಣತೊಡಗುತ್ತದೆ, ಕಂಡದ್ದನ್ನು ಕಲಿಸಬಹುದು. ಕೊಡವದ ಸ್ವರಗಳಿಗೆ ಶಾಲೆಯ ಮಟ್ಟದಲ್ಲಿ ಇನ್ನೂ ಒಂದು ಒಪ್ಪಿತ ಹೆಸರಾದರೂ ಎಲ್ಲಿದೆ?

ಈ ಸಂಗತಿ ಹೊಸದಾಗಿ ಪತ್ತೆಯಾದದ್ದೇನೂ ಅಲ್ಲ ಎಂಬುದು ಆರೋಪವನ್ನು ಇನ್ನಷ್ಟು ಭಾರವಾಗಿಸುತ್ತದೆ. ಎಡ್ವರ್ಡ್ ಸಪೀರ್ ಅವರ ಶಿಷ್ಯ ಮರ್ರೆ ಎಮಿನೋ 1935ರಿಂದ 1938ರವರೆಗೆ ಭಾರತದಲ್ಲಿ ನಡೆಸಿದ ಕ್ಷೇತ್ರಕಾರ್ಯದಲ್ಲಿ ನೀಲಗಿರಿಯ ತೋಡ, ಕೋತ, ಬಡಗ ಭಾಷೆಗಳ ಜೊತೆಗೆ ಕೊಡವವನ್ನೂ ಕಿವಿಗೊಟ್ಟು ದಾಖಲಿಸಿದರು, ಟಿ. ಬರೋ ಅವರೊಡನೆ ಸಿದ್ಧಪಡಿಸಿ 1961ರಲ್ಲಿ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿ ನಿಘಂಟಿನಲ್ಲಿ ಕೊಡವ ಪದಗಳ ನಡುಸ್ವರಗಳನ್ನು ಬೇರೆ ಗುರುತುಗಳಿಂದಲೇ ತೋರಿಸಿದರು. 1970ರಲ್ಲಿ ಕೊಡವ ಸ್ವರಗಳ ಮೇಲೆಯೇ ಒಂದು ಪ್ರತ್ಯೇಕ ಪ್ರಬಂಧ ಬರೆದರು. ಅಣ್ಣಾಮಲೈ ವಿಶ್ವವಿದ್ಯಾಲಯ 1976ರಲ್ಲಿ ಆರ್. ಬಾಲಕೃಷ್ಣನ್ ಅವರ ಕೊಡಗು ಧ್ವನಿಶಾಸ್ತ್ರವನ್ನು ಪದಕೋಶ ಸಹಿತ ಪ್ರಕಟಿಸಿತು, 1996ರಲ್ಲಿ ಕರೆನ್ ಎಬರ್ಟ್ ಅವರ ಕೊಡವ ವ್ಯಾಕರಣ ಬಂತು. ನೀಲಗಿರಿಯಿಂದ ಕೊಡಗಿನವರೆಗಿನ ಮಲೆನಾಡಿನ ಇರುಳ, ಕುರುಂಬ ಮೊದಲಾದ ಭಾಷೆಗಳಲ್ಲಿಯೂ ಹಿಂಜರಿದ ಸ್ವರಗಳಿರುವುದನ್ನು ವಿದ್ವಾಂಸರು ಗುರುತಿಸಿ, ಇದನ್ನು ಆ ಇಡೀ ಪ್ರದೇಶದ ಲಕ್ಷಣವೆಂದೇ ಪರಿಗಣಿಸಿದ್ದಾರೆ. ಹೊರಗಿನಿಂದ ಬಂದವರು ಕೆಲವೇ ತಿಂಗಳುಗಳಲ್ಲಿ ಕೇಳಿಸಿಕೊಂಡು ಬರೆದಿಟ್ಟದ್ದನ್ನು, ಅದೇ ಭಾಷೆಯನ್ನು ದಿನವೂ ಅಚ್ಚು ಮಾಡುವವರು ಅರ್ಧ ಶತಮಾನದ ಅನಂತರವೂ ಕೇಳಿಸಿಕೊಳ್ಳದಂತೆ ಇರುವುದನ್ನು ಏನೆಂದು ಕರೆಯಬೇಕು?

ಮೊದಲ ತಲೆಮಾರಿನವರನ್ನು ಇಲ್ಲಿ ದೂರುವುದು ಸಲ್ಲದು. ಹರದಾಸ ಅಪ್ಪಚ್ಚ ಕವಿಗಳು 1906ರಲ್ಲಿ ಯಯಾತಿಯ ಕಥೆಯನ್ನು ಕೊಡವದಲ್ಲಿ ನಾಟಕವಾಗಿಸಿದಾಗ, ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಕೂಡಿಸಿದ ಹಾಡುಗಳನ್ನು 1924ರಲ್ಲಿ ಪಟ್ಟೋಲೆ ಪಳಮೆಯಾಗಿ ಹೊರತಂದಾಗ, ಅವರ ಕೈಗೆ ಸಿಕ್ಕಿದ್ದು ಕನ್ನಡದ ಅಚ್ಚುಮೊಳೆಗಳೇ, ಅವರ ಓದುಗರ ಕಿವಿಯಲ್ಲಿ ಭಾಷೆ ಆಗ ತುಂಬಿ ತುಳುಕುತ್ತಿತ್ತು. ಬರಹ ಎಷ್ಟೇ ಅಪೂರ್ಣವಾಗಿದ್ದರೂ ಮನೆಯ ಹಿರಿಯರ ಬಾಯಿ ಅದನ್ನು ಪೂರ್ಣಗೊಳಿಸುತ್ತಿತ್ತು. ಇಂದಿನ ಸ್ಥಿತಿ ಹಾಗಿಲ್ಲ. ಕೊಡವವನ್ನು ತಾಯ್ನುಡಿಯೆಂದು ಬರೆಸಿದವರು 2001ರ ಜನಗಣತಿಯಲ್ಲಿ 1,66,187 ಮಂದಿ, 2011ರಲ್ಲಿ 1,13,857 ಮಂದಿ. ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಭೂಪಟದಲ್ಲಿ ಕೊಡವವು ಖಚಿತವಾಗಿ ಅಪಾಯದಲ್ಲಿರುವ ಭಾಷೆಗಳ ವರ್ಗದಲ್ಲಿದೆ, ಎಂದರೆ ಮಕ್ಕಳು ಮನೆಯಲ್ಲಿ ಅದನ್ನು ಮಾತೃಭಾಷೆಯಾಗಿ ಕಲಿಯುವುದು ನಿಲ್ಲುತ್ತಿರುವ ಭಾಷೆಗಳ ಸಾಲಿನಲ್ಲಿ. ತಿಳಿದವರು ತಿಳಿದುಕೊಂಡು ಓದುತ್ತಾರೆ ಎಂಬ ಮಾತು ತಿಳಿದವರ ಸಂಖ್ಯೆ ಕರಗುತ್ತಿರುವ ಕಾಲದಲ್ಲಿ ಯಾರಿಗಾಗಿ ಹೇಳುವ ಮಾತು? ಬೆಂಗಳೂರಿನಲ್ಲೋ ಹೊರನಾಡಿನಲ್ಲೋ ಬೆಳೆದು, ಅಜ್ಜಿಯ ಭಾಷೆಯನ್ನು ಪುಸ್ತಕದಿಂದ ಕಲಿಯಲು ಹೊರಟ ಮಗುವಿಗೆ ‘ಎಟ್ಟ್’ ಎಂಬ ಬರಹ ಕೊಡುವುದು ಕನ್ನಡದ ಎಕಾರವನ್ನು, ಕೊನೆಯಲ್ಲಿ ಸ್ವರವೇ ಇಲ್ಲದ ಟಕಾರವನ್ನು. ಆ ಮಗು ಹಾಗೆಯೇ ಓದುತ್ತದೆ, ಊರಿಗೆ ಹೋದಾಗ ನಗೆಗೀಡಾಗುತ್ತದೆ, ಎರಡನೆಯ ಬಾರಿ ಬಾಯಿ ತೆರೆಯುವುದಿಲ್ಲ. ತಪ್ಪು ಆ ಮಗುವಿನದಲ್ಲ, ಅದರ ಕೈಗಿತ್ತ ಬರಹದ್ದು.

ದಕ್ಷಿಣ ಕೊಡಗಿನ ಪಾಲಿಬೆಟ್ಟದಂಥ ಊರಿನಲ್ಲಿ ಈ ಪ್ರಶ್ನೆಯ ತೀವ್ರತೆ ಕಣ್ಣಿಗೆ ಕಾಣುತ್ತದೆ. ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪಗಳ ನಡುವಣ ಕಾಫಿ ತೋಟಗಳ ಆ ಸೀಮೆಯಲ್ಲಿ ಕೊಡವ, ಕನ್ನಡ, ಮಲಯಾಳ, ತಮಿಳು, ಎರವ, ಕುರುಬ ನುಡಿಗಳು ಒಂದೇ ಅಂಗಡಿಯ ಮುಂದೆ ಕಲೆಯುತ್ತವೆ. ಊರಿನ ಹೆಸರಿನ ಮೊದಲ ಸ್ವರವನ್ನೇ ಕನ್ನಡದ ಫಲಕ ಆಕಾರದಿಂದ ಬರೆದರೆ ಇಂಗ್ಲಿಷ್ ಫಲಕ ‘ಓ’ ಎಂಬ ಅಕ್ಷರದಿಂದ ಬರೆಯುತ್ತದೆ. ಯಾವ ಫಲಕವೂ ಜನರ ಉಚ್ಚಾರಕ್ಕೆ ಪ್ರಮಾಣವಾಗಲಾರದು ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಇಂಥ ಬಹುಭಾಷಿಕ ನೆಲದಲ್ಲಿ ಸಂಖ್ಯೆಯಲ್ಲಿ ಚಿಕ್ಕದಾದ ಭಾಷೆಯ ವಿಶಿಷ್ಟ ಧ್ವನಿಗಳೇ ಮೊದಲು ಸವೆಯುವಂಥವು, ಏಕೆಂದರೆ ಅಂಗಡಿ, ಶಾಲೆ, ಬ್ಯಾಂಕು, ಆಸ್ಪತ್ರೆಗಳ ಭಾಷೆಗಳಲ್ಲಿ ಅವುಗಳಿಗೆ ಜೊತೆಯಿಲ್ಲ. ತೋಟದ ಲೈನ್ ಮನೆಗಳಲ್ಲಿ ಬದುಕುವ ಎರವರ ಮಕ್ಕಳ ಸ್ಥಿತಿ ಇನ್ನೂ ಕಠಿಣ. ಕೊಡವಕ್ಕೆ 1994ರಿಂದ ಒಂದು ಸಾಹಿತ್ಯ ಅಕಾಡೆಮಿಯಿದೆ, ನಿಘಂಟುಗಳಿವೆ, ಅಪ್ಪಚ್ಚ ಕವಿಯಿದ್ದಾರೆ. ಎರವ ನುಡಿಗೆ ಇವುಗಳಲ್ಲಿ ಯಾವುದಿದೆ? ಕೊಡವದ ಸ್ವರಗಳೇ ಬರಹದಲ್ಲಿ ಮಾನ್ಯತೆ ಪಡೆಯದಿದ್ದರೆ ಅದರ ಪಕ್ಕದ ದುರ್ಬಲ ಭಾಷೆಗಳ ಧ್ವನಿಗಳನ್ನು ಕೇಳುವವರು ಯಾರೂ ಇರುವುದಿಲ್ಲ.

ಕನ್ನಡ ಲಿಪಿಯನ್ನು ಮುಟ್ಟಬಾರದು, ಅದು ಪೂರ್ಣವಾದ ಲಿಪಿ ಎಂದು ಹೇಳುವವರು ಆ ಲಿಪಿಯ ಚರಿತ್ರೆಯನ್ನೇ ಮರೆತಿದ್ದಾರೆ. ಸಂಸ್ಕೃತ ಪ್ರಾಕೃತಗಳಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘಗಳೆಂಬ ಎರಡು ಅಕ್ಷರಗಳು ಬೇಕಾಗಿರಲಿಲ್ಲ. ಆ ಭಾಷೆಗಳಿಗೆಂದು ಬಳಕೆಯಲ್ಲಿದ್ದ ಬ್ರಾಹ್ಮಿಯಿಂದ ಇಳಿದುಬಂದ ಲಿಪಿಯಲ್ಲಿ ಕನ್ನಡವನ್ನು ಬರೆದಾಗ ಎ, ಏಗಳ ಅಂತರವೂ ಒ, ಓಗಳ ಅಂತರವೂ ಬರಹದಲ್ಲಿ ಕಾಣೆಯಾದವು. ಹಳಗನ್ನಡದ ಶಾಸನಗಳನ್ನು ಓದುವವರು ಈ ಭೇದವನ್ನು ಭಾಷಾಜ್ಞಾನದಿಂದಲೇ ತುಂಬಿಕೊಳ್ಳಬೇಕು. ಆದರೆ ಕನ್ನಡದ ಬರಹಗಾರರು ತಿಳಿದವರು ಓದಿಕೊಳ್ಳಲಿ ಎಂದು ಅಲ್ಲಿಗೇ ಬಿಡಲಿಲ್ಲ. ಕಾಲಕ್ರಮದಲ್ಲಿ ದೀರ್ಘದ ಗುರುತನ್ನು ಸೇರಿಸಿ ಎರವಲು ಲಿಪಿಯನ್ನು ತಮ್ಮ ನಾಲಗೆಗೆ ಹೊಂದಿಸಿಕೊಂಡರು. ಅಂದು ಕನ್ನಡಕ್ಕೆ ಬೇಕಾದದ್ದು, ಮತ್ತು ಕನ್ನಡ ಪಡೆದುಕೊಂಡದ್ದು, ಇಂದು ಕೊಡವ ಕೇಳುತ್ತಿರುವುದಕ್ಕಿಂತ ಯಾವ ರೀತಿಯಲ್ಲೂ ಭಿನ್ನವಲ್ಲ. ತೀರ ಇತ್ತೀಚೆಗೆ ಸಹ, ಪಾರಸಿ ಮತ್ತು ಇಂಗ್ಲಿಷ್ ಪದಗಳ ಎರಡು ವ್ಯಂಜನಗಳಿಗಾಗಿ ಜಕಾರ ಫಕಾರಗಳ ಕೆಳಗೆ ಚುಕ್ಕೆಯಿಟ್ಟು ಜ಼, ಫ಼ ಎಂದು ಅಚ್ಚು ಮಾಡುವ ಕ್ರಮ ಬಂದಿದೆ, ಗಣಕದ ಯುನಿಕೋಡ್ ಸಂಕೇತಗಳಲ್ಲಿ ಆ ಚುಕ್ಕೆಗೆ ಸ್ಥಾನವೂ ಇದೆ. ಸಾವಿರಾರು ಮೈಲಿ ದೂರದ ಭಾಷೆಗಳ ಧ್ವನಿಗೆ ಚುಕ್ಕೆ ದೊರೆಯುವ ಲಿಪಿಯಲ್ಲಿ, ಕಾವೇರಿ ಹುಟ್ಟುವ ನೆಲದ ಭಾಷೆಯ ಸ್ವರಕ್ಕೆ ಒಂದು ಗೆರೆಯೂ ಏಕೆ ದೊರೆಯಬಾರದು?

ಹೊಸ ಲಿಪಿಯ ಹಂಬಲ ಈ ನಿರ್ಲಕ್ಷ್ಯದಿಂದಲೇ ಹುಟ್ಟಿದ್ದು. ಡಾ. ಐ. ಎಂ. ಮುತ್ತಣ್ಣನವರು ಕೊಡವಕ್ಕೆಂದು ಒಂದು ಲಿಪಿಯನ್ನು ರೂಪಿಸಿದರು, 2005ರಲ್ಲಿ ಗ್ರೆಗ್ ಕಾಕ್ಸ್ ಇನ್ನೊಂದನ್ನು ರೂಪಿಸಿದರು. ತನ್ನದೇ ಲಿಪಿ ಬೇಕೆಂಬ ಆಸೆ ಗೌರವಕ್ಕೆ ಅರ್ಹವಾದದ್ದು. ಆದರೆ ಅಪ್ಪಚ್ಚ ಕವಿಯಿಂದ ಇಂದಿನವರೆಗಿನ ಕೊಡವ ಸಾಹಿತ್ಯವೆಲ್ಲ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿರುವಾಗ, ಓದುಗರೆಲ್ಲ ಆ ಲಿಪಿಯನ್ನೇ ಬಲ್ಲವರಾಗಿರುವಾಗ, ಎರಡು ಸ್ವರಚಿಹ್ನೆಗಳ ಕೊರತೆಯನ್ನು ತುಂಬಲು ಇಡೀ ವರ್ಣಮಾಲೆಯನ್ನೇ ಹೊಸದಾಗಿ ಕಲಿಯಿರಿ ಎಂದು ಮಕ್ಕಳಿಗೆ ಹೇಳಬೇಕಾಗಿ ಬಂದಿದ್ದರೆ, ಆ ಎರಡು ಚಿಹ್ನೆಗಳನ್ನು ಕೊಡಲು ಮನಸ್ಸು ಮಾಡದವರೇ ಅದಕ್ಕೆ ಹೊಣೆ.

ಆಗಬೇಕಾದ ಕೆಲಸ ದೊಡ್ಡದೂ ಅಲ್ಲ, ದುಬಾರಿಯೂ ಅಲ್ಲ. ಮಡಿಕೇರಿಯ ಕೊಡವ ಸಾಹಿತ್ಯ ಅಕಾಡೆಮಿಯೂ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯವೂ ಭಾಷಾಶಾಸ್ತ್ರಜ್ಞರನ್ನೂ ಊರುಗಳ ಹಿರಿಯ ಮಾತುಗಾರರನ್ನೂ ಒಂದೆಡೆ ಕೂಡಿಸಿ, ನಡುಸ್ವರಗಳೆರಡಕ್ಕೆ ಹ್ರಸ್ವ ದೀರ್ಘ ಸಹಿತ ಒಂದು ಗುರುತನ್ನು ನಿಶ್ಚಯಿಸಬೇಕು. ಇರುವ ಚುಕ್ಕೆಗಳನ್ನೇ ಬಳಸುವುದೋ ಹೊಸ ಚಿಹ್ನೆಗೆ ಯುನಿಕೋಡ್‌ನಲ್ಲಿ ಸ್ಥಾನ ಕೇಳುವುದೋ ಎಂಬುದನ್ನು ಅವರೇ ತೀರ್ಮಾನಿಸಲಿ, ಆದರೆ ತೀರ್ಮಾನಿಸಲಿ. ಆ ದಿನದಿಂದ ಹೊರಬರುವ ಪ್ರತಿ ನಿಘಂಟು, ಪ್ರತಿ ಬಾಲಬೋಧೆ, ಪಟ್ಟೋಲೆ ಪಳಮೆಯ ಪ್ರತಿ ಮರುಮುದ್ರಣ ಆ ಗುರುತುಗಳೊಂದಿಗೇ ಅಚ್ಚಾಗಬೇಕು, ಪಟ್ಟೋಲೆ ಪಳಮೆಯ ಹಾಡುಗಳನ್ನು ಸರಿಯಾಗಿ ಹೇಳಬಲ್ಲ ಹಿರಿಯರ ಧ್ವನಿಮುದ್ರಣ ಪುಸ್ತಕದ ಜೊತೆಯಲ್ಲಿ ದೊರೆಯಬೇಕು. ಕೊಡವದ ಬಗ್ಗೆ ಬರೆಯುವ ಕನ್ನಡ ಪತ್ರಿಕೆಗಳೂ ಆ ಗುರುತನ್ನು ಬಳಸಬೇಕು. ಎರವ ಮತ್ತು ಕುರುಬ ನುಡಿಗಳ ಧ್ವನಿಗಳನ್ನು ದಾಖಲಿಸುವ ಕೆಲಸ ಅದರೊಡನೆಯೇ ಆರಂಭವಾಗಬೇಕು, ಕೊಡವದ್ದು ಮುಗಿದ ಮೇಲೆ ಎಂದು ಮುಂದೂಡಿದರೆ ಆ ನುಡಿಗಳು ಅಷ್ಟು ಕಾಲ ಕಾಯುವ ಸ್ಥಿತಿಯಲ್ಲಿಲ್ಲ. ಇನ್ನು ಕೊಡವದ ಸ್ವರಗಳು ಬರಿಯ ಉಚ್ಚಾರದ ರೂಢಿ ಎಂದು ಈಗಲೂ ನಂಬುವವರು ಕೋಳಿ ಎಂಬ ಪದದ ಕೊನೆಯ ಸ್ವರಕ್ಕೂ ಆಳ್ ಎಂಬ ಪದದ ಕೊನೆಯ ಸ್ವರಕ್ಕೂ ಅಂತರವಿದೆಯೋ ಇಲ್ಲವೋ ಎಂಬುದನ್ನು ಪಾಲಿಬೆಟ್ಟದ ಯಾವುದಾದರೂ ಕೊಡವ ಮನೆಯ ಅಂಗಳದಲ್ಲಿ ನಿಂತು ಕೇಳಿ, ಅಲ್ಲಿ ಸಿಕ್ಕ ಉತ್ತರವನ್ನು ಅಚ್ಚಿನಲ್ಲಿ ಪ್ರಕಟಿಸಲಿ.